ಎರಡನೇ ಗೇರು ಬೀಳದ ದಿನ

ಯಾರಾದರೂ ಗೇರು ಕರಕರ ಅನ್ನಿಸಿದರೆ ನನಗೆ ಹಲ್ಲಿನ ಬೇರಿನವರೆಗೆ ಜುಂ ಎನ್ನುತ್ತದೆ. ಚನ್ನಗಿರಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸಿಗೆ ಇದು ಇರಬಾರದ ಕಾಯಿಲೆ, ಏಕೆಂದರೆ ದಿನ ಬೆಳಗಾದರೆ ಆ ಕರಕರ ಕೇಳುವುದೇ ನನ್ನ ಹೊಟ್ಟೆಪಾಡು. ಕಲಿಯಲು ಬರುವವರಿಗೆ ನಾನು ವಾಣಿಶ್ರೀ ಮೇಡಂ. ಬೆನ್ನ ಹಿಂದೆ ಬೇರೆ ಹೆಸರೂ ಇದೆಯಂತೆ, ವಿಚಾರಿಸಲು ಹೋಗಿಲ್ಲ. ಮನುಷ್ಯರನ್ನು ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ಒಂದನೇ ಗೇರಿನಿಂದ ಎರಡಕ್ಕೆ ಹೇಗೆ ಬರುತ್ತಾರೆ ಎಂದು ನೋಡಿದರೆ ಸಾಕು, ಮನೆಯಲ್ಲಿ ಹೆಂಡತಿಯ ಹತ್ತಿರ ಹೇಗೆ ಮಾತಾಡುತ್ತಾರೆ ಎಂದು ಹೇಳಿಬಿಡುತ್ತೇನೆ.

ಈ ಅಳತೆಯಲ್ಲಿ ನೂರಕ್ಕೆ ನೂರು ತೆಗೆದುಕೊಂಡವಳು ಒಬ್ಬಳೇ, ನನ್ನ ಅಕ್ಕನ ಮಗಳು ಸುಚಿತ್ರಾ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯವಳು. ನನ್ನ ಹತ್ತಿರವೇ ಕಲಿತಳು, ನನ್ನಿಂದ ಬೈಸಿಕೊಳ್ಳದೆ ಕಲಿತಳು, ಅದೇ ಒಂದು ದಾಖಲೆ. ಈಗ ಹತ್ತು ಸೀಟಿನ ಹಳೆಯ ಗಾಡಿಯೊಂದನ್ನು ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ಕಾಲೇಜು ಹುಡುಗಿಯರನ್ನು ಹೊನ್ನಾಳಿಗೆ ಬಿಟ್ಟು ಕರೆತರುತ್ತಾಳೆ. ಅವಳು ಗೇರು ಬದಲಿಸಿದ್ದು ಹಿಂದೆ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ಮಳೆಗಾಲದ ಕೆಸರಿನಲ್ಲಿ ಟ್ರ್ಯಾಕ್ಟರಿನವರು ಗಾಡಿ ಬಿಟ್ಟು ಇಳಿದು ನಿಂತಿರುವಾಗ ಇವಳು ಪಕ್ಕದಲ್ಲೇ ನಗುನಗುತ್ತಾ ಹಾದುಹೋಗಿದ್ದನ್ನು ನಾನೇ ಕಂಡಿದ್ದೇನೆ.

ಈ ಹುಡುಗಿಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಗುರುಬಸವರಾಜ್. ತಂದೆ ಇಲ್ಲ, ತಾಯಿ ದ್ಯಾಮಮ್ಮನ ಜೊತೆ ಜಮೀನು ನೋಡಿಕೊಂಡು ಒಂದು ದೊಡ್ಡ ಕುರಿಮಂದೆ ಸಾಕಿಕೊಂಡಿದ್ದಾನೆ. ಹೆಣ್ಣು ನೋಡಲು ಬಂದ ದಿನ ಅವಲಕ್ಕಿ ತಿಂದು ಚಹಾ ಕುಡಿದವನು, ಅಡುಗೆ ಬರುತ್ತದೆಯೋ ಹಾಡು ಬರುತ್ತದೆಯೋ ಎಂದು ಕೇಳಲಿಲ್ಲ. ನಿಮ್ಮ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದ. ಸುಚಿತ್ರಾ ಹೇಳಿದಳು. ಅಷ್ಟಕ್ಕೆಲ್ಲ ಬರುವುದಿಲ್ಲ ಎಂದು ಅವನು ವಾದಕ್ಕೆ ನಿಂತ. ಇಬ್ಬರೂ ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿ ನೋಡಿದರು. ಅಲ್ಲಿಗೆ ನನಗೆ ಅರ್ಥವಾಯಿತು, ಇನ್ನು ಛತ್ರ ಹುಡುಕುವುದೊಂದೇ ಬಾಕಿ ಎಂದು.

ಆದರೆ ಅವಳ ಅಪ್ಪ, ನನ್ನ ಭಾವ ಮಹೇಶ್ವರಪ್ಪ, ಮುಖ ಊದಿಸಿಕೊಂಡು ಕುಳಿತ. ಹುಡುಗನಲ್ಲಿ ಹುಡುಕಿದರೂ ಹುಳುಕು ಸಿಗದಿದ್ದಕ್ಕೆ ಊರಿನಲ್ಲಿ ಹುಡುಕತೊಡಗಿದ. ಹೊಳೆಯ ನೀರು ಕುಡಿದು ಬೆಳೆದ ಹುಡುಗಿ ಬೋರಿನ ನೀರು ಹೇಗೆ ಕುಡಿಯುತ್ತಾಳೆ, ಆ ಕಡೆ ಬಿಸಿಲು ಜಾಸ್ತಿ, ಗಾಳಿ ಜಾಸ್ತಿ, ಹೀಗೆ. ಅದೂ ಮುಗಿದ ಮೇಲೆ ಶಕುನ ಹಿಡಿದ. ಹಲ್ಲಿ ಲೊಚಗುಟ್ಟಿತು, ಹೂವು ಎಡಕ್ಕೆ ಬಿತ್ತು. ನಿಜ ಏನೆಂದು ನನಗೆ ಗೊತ್ತಿತ್ತು. ಮಗಳ ಗಾಡಿ ಸಂಜೆ ಸ್ವಲ್ಪ ತಡವಾದರೆ ಎಲೆ ಅಡಿಕೆ ತರುವ ನೆಪದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುವ ಮನುಷ್ಯ ಅವನು. ಗೋಣಿಚೀಲದಷ್ಟು ಪ್ರೀತಿ ಇಟ್ಟುಕೊಂಡು ಅದರ ಬಾಯಿ ಹೊಲಿದು ಕುಳಿತಿದ್ದ. ನನಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಹೆಣ್ಣು ನೋಡಿ ಹೋದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗಬೇಕಲ್ಲ, ಅದಕ್ಕೊಂದು ದಿನ ಗೊತ್ತಾಯಿತು. ಆ ಶಾಸ್ತ್ರಕ್ಕೆ ಹುಡುಗಿ ಹೋಗುವ ಹಾಗಿಲ್ಲ. ಗಾಡಿ ಸುಚಿತ್ರಾಳದೇ, ಓಡಿಸಲು ಊರಿನ ಭೀಮೇಶ್ ಎಂಬುವನನ್ನು ಗೊತ್ತು ಮಾಡಿದ್ದರು. ಹಿಂದಿನ ಸಂಜೆ ಅವನಿಗೆ ಕಣ್ಣು ಬಂದು ರೆಪ್ಪೆ ತೆರೆಯಲಾಗದೆ ಮಲಗಿಬಿಟ್ಟ. ನಾನು ಓಡಿಸಬಹುದಿತ್ತು. ಆದರೆ ಅದೇ ವಾರ ನನ್ನ ಶಿಷ್ಯನೊಬ್ಬ ಬ್ರೇಕ್ ಎಂದುಕೊಂಡು ಬೇರೆ ಏನನ್ನೋ ಒತ್ತಿ, ಕೆಳಗೆ ನಿಂತಿದ್ದ ನಾನು ಹಾರಿ ತಪ್ಪಿಸಿಕೊಳ್ಳುವಾಗ ಎಡಗಾಲು ಉಳುಕಿತ್ತು. ಕ್ಲಚ್ ಒತ್ತುವ ಕಾಲೇ ಬ್ಯಾಂಡೇಜಿನಲ್ಲಿತ್ತು.

ಕೊನೆಗೆ ಅಕ್ಕ ಒಂದು ದಾರಿ ಹುಡುಕಿದಳು. ಸುಚಿತ್ರಾ ಮದುವೆಯ ಹುಡುಗಿಯಾಗಿ ಬರುವುದು ಬೇಡ, ಡ್ರೈವರ್ ಆಗಿ ಬರಲಿ. ಅವರ ಮನೆಯ ಹೊಸ್ತಿಲು ದಾಟದೆ ಗಾಡಿಯಲ್ಲೇ ಕುಳಿತಿರಲಿ. ಅದಕ್ಕೆ ಭಾವ ಒಂದು ಷರತ್ತು ಹಾಕಿದ.

"ದಾರೀಲಿ ಏನಾದ್ರೂ ವಿಘ್ನ ಬಂತೋ, ಅಲ್ಲಿಂದ್ಲೇ ವಾಪಸ್. ಆಮೇಲೆ ಈ ಸಂಬಂಧದ ಮಾತು ಮನೇಲಿ ಯಾರೂ ಎತ್ತಂಗಿಲ್ಲ," ಎಂದ.

ಸುಚಿತ್ರಾ ನನ್ನ ಮುಖ ನೋಡಿದಳು, ಅವರಮ್ಮನ ಮುಖ ನೋಡಿದಳು. "ಆಯ್ತು ಅಪ್ಪಾಜಿ," ಎಂದಳು. ಅವಳು ಅಪ್ಪನ ಮಾತು ಮೀರುವವಳಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಹೆದರಿಕೆಯಾಯಿತು.

ಬೆಳಿಗ್ಗೆ ಹೊರಟೆವು. ಮುಂದೆ ಸುಚಿತ್ರಾ ಮತ್ತು ನಾನು, ಹಿಂದೆ ಭಾವ, ಅಕ್ಕ, ಹಣ್ಣು ಹೂವಿನ ಬುಟ್ಟಿಗಳ ನಡುವೆ ಸಿಕ್ಕಿಕೊಂಡ ಮೂರು ಜನ ನೆಂಟರು. ಹೊನ್ನಾಳಿ ಸೇತುವೆ ದಾಟುವಾಗ ಅಕ್ಕ ಹೊಳೆಗೆ ಕೈಮುಗಿದಳು. ಹರಿಹರ, ದಾವಣಗೆರೆ ಎಲ್ಲ ಸಲೀಸಾಗಿ ಹಿಂದೆ ಹೋದವು. ಹುಡುಗಿ ಡ್ರೈವರ್ ಎಂಬ ನೆಪಕ್ಕೆ ಮಾಮೂಲಿ ಚೂಡಿದಾರ್ ಹಾಕಿದ್ದಳು, ಆದರೆ ಮುಡಿದ ಮಲ್ಲಿಗೆ ಮಾತ್ರ ಯಾವ ಡ್ರೈವರಿಗೂ ಆಗಿಬರುವಂಥದ್ದಲ್ಲ. ನಾನು ರೇಗಿಸಿದೆ. ಅವಳು ಹಾರ್ನ್ ಹೊಡೆದು ಮಾತು ಮರೆಸಿದಳು.

ಜಗಳೂರಿನ ಕಡೆಯ ರಸ್ತೆ ಹಿಡಿದ ಸ್ವಲ್ಪ ಹೊತ್ತಿಗೆ ಅವಳ ಎಡಗೈ ಎರಡು ಸಲ ಹಿಂದೆ ಮುಂದೆ ಆಡಿತು. ಬೇರೆಯವರು ಗಮನಿಸಿರಲಿಕ್ಕಿಲ್ಲ, ನಾನು ಗಮನಿಸಿದೆ. ಮೂರರಿಂದ ನಾಲ್ಕಕ್ಕೆ ಬೀಳುತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗದೆ ಮೂರರಲ್ಲೇ ಎಳೆದಳು. ಮುಂದೆ ಒಂದು ಊರಿನ ಹಂಪ್ ಬಂತು. ನಿಧಾನ ಮಾಡಿ ಎರಡಕ್ಕೆ ಹಾಕಲು ಹೋದಳು, ಎರಡೂ ಬೀಳಲಿಲ್ಲ. ಒಂದಕ್ಕೆ ಹಾಕಿ, ಇಂಜಿನ್ ಅರಚುವವರೆಗೆ ಓಡಿಸಿ, ನೇರ ಮೂರಕ್ಕೆ ಹಾರಿದಳು. ಗಾಡಿ ಮುದಿ ಎಮ್ಮೆಯ ಹಾಗೆ ನರಳಿತು.

"ಏನದು ಸದ್ದು?" ಎಂದು ಹಿಂದಿನಿಂದ ಭಾವ ಕೇಳಿದ.

ರಸ್ತೆ ಏರು ಎಂದೆ ನಾನು. ರಸ್ತೆ ಹಾಸಿದ ಚಾಪೆಯ ಹಾಗಿತ್ತು. ಮುಂದಿನ ಹಂಪಿಗೆ ಯಾವ ಸುಳ್ಳೂ ಹೊಳೆಯಲಿಲ್ಲ, ಗಾಡಿ ಗಕ್ಕನೆ ನಿಂತಿತು. ಬಿಳಿಚೋಡಿಗೆ ಇನ್ನು ಸ್ವಲ್ಪವೇ ದೂರವಿದ್ದ ಒಂದು ಕ್ರಾಸು ಅದು. ಒಂದು ಚಹಾ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಒಂದು ಬೇವಿನ ಮರ, ದೂರದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು.

ನಾನು ಕುಂಟುತ್ತಾ ಇಳಿದು ಆಚೆ ಬದಿಯ ಬಾಗಿಲಿಗೆ ಹೋದೆ. ಇಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ ಇಂಜಿನ್ ಆಫ್ ಮಾಡಿ ಗೇರು ಹಾಕಿ ನೋಡುವುದು. ಇಂಜಿನ್ ಓಡುವಾಗ ಬೀಳದ ಗೇರು ನಿಂತಾಗ ಬಿದ್ದರೆ ಕಾಯಿಲೆ ಕ್ಲಚ್ಚಿನದು. ಆಗಲೂ ಬೀಳದಿದ್ದರೆ ಕಾಯಿಲೆ ಬೇರೆ ಕಡೆ ಇದೆ. ಆಫ್ ಮಾಡಿಸಿದೆ. ಮುಂದಕ್ಕೆ ತಳ್ಳುವ ಒಂದು, ಮೂರು, ಐದು ಬೆಣ್ಣೆಗೆ ಚಾಕು ಇಳಿದ ಹಾಗೆ ಬಿದ್ದವು. ಹಿಂದಕ್ಕೆ ಎಳೆಯುವ ಎರಡು, ನಾಲ್ಕು, ರಿವರ್ಸ್, ಒಂದೂ ಬೀಳಲಿಲ್ಲ. ಗೇರ್ ರಾಡು ಅರ್ಧ ದಾರಿಗೆ ಬಂದು ನಿಲ್ಲುತ್ತಿತ್ತು. ಕ್ಲಚ್ಚಿನ ತಪ್ಪಿಲ್ಲ ಎಂಬುದು ಖಾತ್ರಿಯಾಯಿತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ನಾನು ಓಡಿಸಲು ಕಲಿಸುವವಳು, ಬಿಚ್ಚಲು ಕಲಿತವಳಲ್ಲ.

ಪಂಕ್ಚರ್ ಅಂಗಡಿಯವನು ಒಂದು ಫೋನ್ ಮಾಡಿ ಮೈಲಾರಿ ಎಂಬ ಮೆಕ್ಯಾನಿಕ್‌ನನ್ನು ಕರೆಸಿದ. ಅವನು ಬಂದು, ಯಾರನ್ನೂ ಏನನ್ನೂ ಕೇಳದೆ, ಗೋಣಿತಾಟು ಹಾಸಿ ಗಾಡಿಯ ಅಡಿಗೆ ನುಗ್ಗಿದ. ಅಲ್ಲಿಂದಲೇ ಆಯಿಲ್ ಸರಿಯಿದೆ ಎಂದ, ಬುಷ್ ಸರಿಯಿದೆ ಎಂದ. ಸರಿಯಿರುವುದನ್ನು ಹೇಳಲು ಇವನೇ ಬೇಕಿತ್ತೆ ಎಂದು ನಾನು ಗೊಣಗಿದ್ದು ಅವನಿಗೆ ಕೇಳಿಸಿತು. ಆಮೇಲೆ ನಮ್ಮಿಬ್ಬರಿಗೂ ಸರಿಹೋಗಲಿಲ್ಲ.

ಭಾವ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ. ವಿಘ್ನ ನಡುರಸ್ತೆಯಲ್ಲಿ ನಿಂತಿತ್ತು. ಸುಚಿತ್ರಾ ಸೀಟು ಬಿಟ್ಟು ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟು ಬಿಳಿಚೋಡಿನ ಕಡೆ ನೋಡುತ್ತಾ ಕುಳಿತಿದ್ದಳು. ಅವಳ ಕಣ್ಣು ಒದ್ದೆಯಾಗಿದ್ದು ಕಂಡು ನನಗೆ ಭಾವನ ಮೇಲೆ, ಮೈಲಾರಿಯ ಮೇಲೆ, ಗಾಡಿ ತಯಾರಿಸಿದ ಕಂಪನಿಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು.

ತಡವಾಗುತ್ತದೆ ಎಂದು ಅಕ್ಕ ದ್ಯಾಮಮ್ಮನಿಗೆ ಫೋನ್ ಮಾಡಿದ್ದಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಗುರುಬಸವರಾಜನೇ ಬೈಕಿನಲ್ಲಿ ಬಂದಿಳಿದ. ಒಂದು ಕೈಯಲ್ಲಿ ಮಜ್ಜಿಗೆಯ ಕ್ಯಾನು, ಇನ್ನೊಂದರಲ್ಲಿ ಸ್ಪ್ಯಾನರುಗಳ ಚೀಲ. ಮನೆ ನೋಡಿಸಿಕೊಳ್ಳಬೇಕಾದವನು ಹೊಸ ಅಂಗಿಯಲ್ಲೇ ಬಂದಿದ್ದ. ಎಲ್ಲರಿಗೂ ನಮಸ್ಕಾರ ಮಾಡಿ ಮಜ್ಜಿಗೆ ಕೊಟ್ಟು ಗಾಡಿಯ ಹತ್ತಿರ ಹೋದ. ಇಳಿಯಿರಿ, ನಾನೊಂದು ಸಲ ನೋಡುತ್ತೇನೆ ಎಂದು ಅವನು ಹೇಳುತ್ತಾನೆ ಎಂದುಕೊಂಡಿದ್ದೆ. ಗಂಡಸರು ಹಾಗೇ ಹೇಳುವುದು.

ಅವನು ಕಿಟಕಿಗೆ ಕೈಯೂರಿ, "ನಿಮ್ಮ ಕೈಗೆ ಏನನ್ನಸ್ತೈತ್ರಿ?" ಎಂದು ಕೇಳಿದ.

ಅಷ್ಟು ಹೊತ್ತಿನಲ್ಲಿ ಅವಳನ್ನು ಆ ಮಾತು ಕೇಳಿದವನು ಅವನೊಬ್ಬನೇ. ನಾನೂ ಕೇಳಿರಲಿಲ್ಲ.

"ಮೆತ್ತಗೆ ತಡೀತೈತ್ರಿ," ಎಂದಳು ಸುಚಿತ್ರಾ. "ಕಬ್ಬಿಣ ಕಬ್ಬಿಣಕ್ಕೆ ಬಡಿದಂಗಿಲ್ಲ. ಬಟ್ಟೆಗಿಟ್ಟೆ ಸಿಕ್ಕಂಡಂಗೈತೆ. ಗೇರ್ ಬಾಕ್ಸಿನದಲ್ಲ ಅನ್ಸುತ್ತೆ ನಂಗೆ."

ಗುರುಬಸವರಾಜ್ ಬಗ್ಗಿ ಅದನ್ನು ಮೈಲಾರಿಗೆ ತಲುಪಿಸಿದ. ದಿನಾ ಓಡಿಸುವವರು ಅವರು, ಸ್ವಲ್ಪ ಕೇಳಿಸಿಕೊಳ್ಳಿ ಎಂದೂ ಸೇರಿಸಿದ. ಮೈಲಾರಿ ಮುಖದ ತುಂಬಾ ಗ್ರೀಸ್ ಮಾಡಿಕೊಂಡು ಹೊರಬಂದು, ಒಳಗೆ ಗೇರನ್ನು ತಳ್ಳುವ ಫೋರ್ಕು ಸೊಟ್ಟಗಾಗಿದೆ ಎಂದು ತೀರ್ಪು ಕೊಟ್ಟ. ಗೇರ್ ಬಾಕ್ಸ್ ಕೆಳಗಿಳಿಸಬೇಕು, ಗಾಡಿ ನಾಳೆ ಸಂಜೆಗೆ ಸಿಗುತ್ತದೆ, ನೀವೆಲ್ಲ ಬಸ್ಸು ನೋಡಿಕೊಳ್ಳಿ.

ಎಲ್ಲರೂ ಭಾವನ ಕಡೆ ತಿರುಗಿದೆವು. ಅವನು ಹೂಂ ಅಂದರೆ ಮುಗಿಯಿತು. ದಾವಣಗೆರೆಯ ಕಡೆ ಹೋಗುವ ಬಸ್ಸೊಂದು ದೂರದಲ್ಲಿ ಬರುತ್ತಲೂ ಇತ್ತು.

ಭಾವನ ಮುಖ ಸುಣ್ಣ ಬಳಿದ ಹಾಗಿತ್ತು. ಗೆದ್ದವನ ಮುಖ ಹಾಗಿರುವುದಿಲ್ಲ. ಅವನು ಬಸ್ಸಿನ ಕಡೆ ನೋಡಿದ, ಮಗಳ ಕಡೆ ನೋಡಿದ, ಅವಳ ಪಕ್ಕ ಕಿಟಕಿ ಹಿಡಿದು ನಿಂತ ಹುಡುಗನ ಕಡೆ ನೋಡಿದ. ಬಸ್ಸು ಬಂದು ನಿಂತಿತು. ಕಂಡಕ್ಟರ್ ನಮ್ಮ ಗುಂಪನ್ನು ನೋಡಿ ಹತ್ತುವವರಿದ್ದರೆ ಬೇಗ ಹತ್ತಿ ಎಂದ. ಭಾವ ಬೇಡವೆಂದು ಕೈಯಾಡಿಸಿದ. ಬಸ್ಸು ಹೊರಟುಹೋಯಿತು. ಅದರ ಧೂಳು ಇಳಿಯುವ ಮೊದಲೇ ಅವನು ಪಂಚೆ ಎತ್ತಿ ಕಟ್ಟಿ ಗಾಡಿಯ ಹತ್ತಿರ ಬಂದ.

"ತಡಿಯಪ್ಪ ಮೈಲಾರಿ. ಏನೂ ಬಿಚ್ಚಬೇಡ," ಎಂದ. "ಸುಚಿ, ಒಂಚೂರು ಇಳಿ ಮಗಳೇ."

ಸುಚಿತ್ರಾ ಇಳಿದಳು. ಭಾವ ಒಳಗೆ ಬಗ್ಗಿ, ಕಾಲಿನ ಮ್ಯಾಟು ಸರಿಸಿ, ಗೇರ್ ರಾಡಿನ ಬುಡದಲ್ಲಿ ಧೂಳು ಬೀಳದಂತೆ ಹಾಕಿರುವ ರಬ್ಬರಿನ ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿದ. ಕೈ ಹಾಕಿ, ತಿಣುಕಿ, ಏನನ್ನೋ ಹೊರಗೆಳೆದ. ಹಳದಿ ಬಟ್ಟೆಯ ಒಂದು ಪುಟ್ಟ ಗಂಟು. ಗ್ರೀಸು ಮೆತ್ತಿ ಕಪ್ಪಾಗಿತ್ತು. ರಾಡಿನ ಮುಂಬದಿಗೆ ಕಟ್ಟಿದ್ದು ದಾರಿಯುದ್ದಕ್ಕೂ ಅಲುಗಾಡಿ ಜಾರಿ ಹಿಂಬದಿಯ ಸಂದಿಗೆ ಬಿದ್ದು ಕುಳಿತಿತ್ತು. ರಾಡು ಹಿಂದಕ್ಕೆ ಬರಬೇಕೆಂದರೆ ಅದನ್ನು ದಾಟಿಯೇ ಬರಬೇಕು. ರಬ್ಬರ್ ಎತ್ತಿ ನೋಡಲು ನನಗೆ ಹೊಳೆದಿರಲಿಲ್ಲ, ಮೈಲಾರಿಗೂ ಹೊಳೆದಿರಲಿಲ್ಲ. ಅಲ್ಲಿ ಧೂಳು ಬಿಟ್ಟು ಏನಿರುತ್ತದೆ?

ಮೈಲಾರಿ ಗಂಟು ಬಿಚ್ಚಿದ. ಒಳಗೆ ಎರಡು ಗೋಟಡಿಕೆ, ಒಂದು ಅರಿಶಿನ ಕೊಂಬು, ಒಂದು ತುಂಡು ವಿಭೂತಿ.

ಆಮೇಲೆ ಭಾವ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತು ಎಲ್ಲ ಹೇಳಿದ. ಊರಿನ ಅಯ್ನೋರ ಹತ್ತಿರ ಹೋಗಿದ್ದನಂತೆ. ಮಗಳು ಅಷ್ಟು ದೂರ ಗಾಡಿ ಓಡಿಸಿಕೊಂಡು ಹೋಗುತ್ತಾಳೆ, ಏನೂ ಆಗಬಾರದು ಎಂದು ಕೇಳಿದ್ದಕ್ಕೆ ಅವರು ಗಂಟು ಮಂತ್ರಿಸಿ ಕೊಟ್ಟು, ಅವಳ ಕೈ ಹೆಚ್ಚು ಎಲ್ಲಿ ಓಡಾಡುತ್ತದೋ ಅಲ್ಲಿ ಕಟ್ಟು, ಊರು ಮುಟ್ಟುವವರೆಗೆ ಯಾರಿಗೂ ಹೇಳಬೇಡ ಎಂದಿದ್ದರಂತೆ. ಸ್ಟೀರಿಂಗಿಗೆ ಕಟ್ಟಿದರೆ ಎಲ್ಲರೂ ನೋಡುತ್ತಾರೆ. ಅದಕ್ಕೆ ನಾವು ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ಹೊತ್ತಿನಲ್ಲಿ ಗೇರಿಗೆ ಕಟ್ಟಿ ರಬ್ಬರ್ ಮುಚ್ಚಿದ್ದ. ಮಗಳು ಮೆತ್ತಗೆ ತಡೆಯುತ್ತದೆ ಎಂದಾಗಲೇ ಅವನಿಗೆ ಗೊತ್ತಾಗಿಹೋಗಿತ್ತು.

"ಸುಮ್ನಿದ್ದಿದ್ರೆ ನಿನ್ನ ಮಾತೇ ನಡೀತಿತ್ತಲ್ಲ ಭಾವ," ಎಂದೆ. ಗದರಬೇಕೆಂದು ಬಾಯಿ ತೆರೆದವಳು ಮೆಲ್ಲಗೆ ಕೇಳಿಬಿಟ್ಟಿದ್ದೆ.

"ನಡೀತಿತ್ತು," ಎಂದ. "ಆದ್ರೆ ಅವಳ ಕೈ ಏನು ಹೇಳ್ತೈತೋ ಅದನ್ನ ಆ ಹುಡುಗ ಕೇಳಿದ. ಅವಳು ಸರಿಯಾಗೇ ಹೇಳಿದ್ಲು. ಸರಿಯಾಗಿ ಹೇಳಿದ್ದನ್ನ ಸುಳ್ಳು ಮಾಡಾಕೆ ನಂಗೆ ಆಗಲಿಲ್ಲ."

ಸುಚಿತ್ರಾ ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತನ್ನ ದುಪಟ್ಟಾದಿಂದ ಅವನ ಕೈಗೆ ಮೆತ್ತಿದ ಗ್ರೀಸು ಒರೆಸಿದಳು. ಅಕ್ಕ ಅಳುತ್ತಾ ನಗುತ್ತಿದ್ದಳು. ಮೈಲಾರಿ ಮಾತ್ರ ತನ್ನ ಗೋಣಿತಾಟು ಸುತ್ತುತ್ತಾ, ಫೋರ್ಕು ಸ್ವಲ್ಪ ಸೊಟ್ಟಗಿರುವುದಂತೂ ನಿಜ ಎಂದು ಗೊಣಗಿಕೊಂಡ. ನಾನು ಅವನಿಗೆ ಮಜ್ಜಿಗೆ ಕೊಟ್ಟೆ.

ಎರಡನೇ ಗೇರು ಬಿತ್ತು. ನಾಲ್ಕನೆಯದೂ ಬಿತ್ತು. ಮುಂದೆ ಗುರುಬಸವರಾಜನ ಬೈಕು, ಹಿಂದೆ ನಾವು. ಬಿಳಿಚೋಡಿನ ಅವರ ಮನೆಯ ಮುಂದೆ ದ್ಯಾಮಮ್ಮ ಕಾಲಿಗೆ ನೀರು ಇಟ್ಟುಕೊಂಡು ನಿಂತಿದ್ದರು. ಎತ್ತರದ, ಗಟ್ಟಿ ದನಿಯ ಹೆಂಗಸು. ನಮ್ಮನ್ನೆಲ್ಲ ಒಳಗೆ ಕರೆದು ಕೂರಿಸಿದವರು ಮತ್ತೆ ಗಾಡಿಯ ಹತ್ತಿರ ಹೋದರು. ಹುಡುಗಿ ಬಂದಿಲ್ಲ, ಡ್ರೈವರ್ ಮಾತ್ರ ಬಂದಿರುವುದು ಎಂದು ಅಕ್ಕ ಅಂಜುತ್ತಾ ವಿವರಿಸಿದಳು. ನಮ್ಮನೆಯಲ್ಲಿ ಡ್ರೈವರನ್ನು ಹೊರಗೆ ಕೂರಿಸಿ ಊಟ ಮಾಡುವ ಪದ್ಧತಿ ಇಲ್ಲ ಎಂದು ದ್ಯಾಮಮ್ಮ ಸುಚಿತ್ರಾಳ ಕೈಹಿಡಿದು ಹೊಸ್ತಿಲು ದಾಟಿಸಿಯೇಬಿಟ್ಟರು.

ಮನೆ ನೋಡಿದೆವು. ನೀರಿನ ತೊಟ್ಟಿ, ಕುರಿ ಹಟ್ಟಿ, ಗೋಡೆಗೆ ಒರಗಿಸಿದ ಕಂಬಳಿಗಳು, ಅಂಗಳದಲ್ಲಿ ಓಡಿಸುವವರಿಲ್ಲದೆ ನಿಂತ ಒಂದು ಪಿಕಪ್ಪು. ಗುರುಬಸವರಾಜನಿಗೆ ಗಾಡಿಯ ಬಗ್ಗೆ ಎಲ್ಲ ಗೊತ್ತು, ಓಡಿಸಲು ಮಾತ್ರ ಬರುವುದಿಲ್ಲವಂತೆ. ಕಲಿಯಲು ಹೋಗಿ ಒಂದು ಕಾಂಪೌಂಡು ಬೀಳಿಸಿದ್ದಾನಂತೆ. ದ್ಯಾಮಮ್ಮ ಹೇಳುತ್ತಿದ್ದರೆ ಅವನು ಮೇಲಿನ ಜಂತಿ ಎಣಿಸುತ್ತಿದ್ದ. ಸುಚಿತ್ರಾ ಆ ಪಿಕಪ್ಪಿನ ಸುತ್ತ ಒಂದು ಸುತ್ತು ಬಂದು ಟೈರುಗಳನ್ನು ಒದ್ದು ನೋಡಿದಳು.

ಊಟವಾಗಿ ಎಲೆ ಅಡಿಕೆಯ ತಟ್ಟೆ ಬಂತು. ಮನೆ ಮನಸ್ಸಿಗೆ ಬಂತೇ ಎಂದು ದ್ಯಾಮಮ್ಮ ಕೇಳಿದರು. ಭಾವ ತಟ್ಟೆಗೆ ಕೈ ಹಾಕಲಿಲ್ಲ.

"ಮನೆ ಚಂದೈತ್ರಿ. ಹುಡುಗ ಬಂಗಾರದಂಥವನು," ಎಂದ. "ಊರು ಹಂಗೆ, ನೀರು ಹಿಂಗೆ, ಶಕುನ ಸರಿಯಿಲ್ಲ ಅಂತ ನಾನು ಅಂದಿದ್ದೆಲ್ಲ ನೆಪ. ಅವಳನ್ನ ಬಿಟ್ಟಿರಾಕೆ ನನ್ನ ಕೈಲಿ ಆಗಲ್ಲ. ಅಷ್ಟೇರಿ ವಿಷಯ."

ಇಷ್ಟು ವರ್ಷ ಹೊಲಿದಿಟ್ಟ ಬಾಯಿ ಕೊನೆಗೂ ಪರವೂರಿನ ಪಡಸಾಲೆಯಲ್ಲಿ ಬಿಚ್ಚಿತ್ತು.

"ಗಾಡಿ ಓಡ್ಸೋ ಮಗಳಿಗೆ ತವರು ಎಲ್ಲಿ ದೂರ್ರೀ ಬೀಗರೇ?" ಎಂದರು ದ್ಯಾಮಮ್ಮ. "ಮನಸ್ಸು ಬಂದ ದಿನ ಬರ್ತಾಳೆ. ನಾನಂತೂ ತಡಿಯಾಕಿಲ್ಲ. ನನ್ನೂ ಕೂರಿಸ್ಕೊಂಡು ಬರಲಿ, ನಿಮ್ಮ ಹೊಳೆ ನಾನೂ ನೋಡಿಲ್ಲ."

ಎಲ್ಲರೂ ನಕ್ಕರು. ಅವಳು ಬರುತ್ತಾಳೆ, ಆದರೆ ನನಗೆ ನೋಡಬೇಕು ಅನ್ನಿಸಿದ ದಿನ ನಾನು ಬರುವುದು ಹೇಗೆ ಎಂದು ಭಾವ ಕೇಳಿದ. ಅದಕ್ಕೂ ಎಲ್ಲರೂ ನಕ್ಕರು. ಅವನು ನಗಲಿಲ್ಲ, ತಟ್ಟೆಗೆ ಕೈ ಹಾಕಿ ಎಲೆ ತೆಗೆದುಕೊಂಡ. ಮದುವೆ ಗಟ್ಟಿಯಾಯಿತು.

ನನ್ನ ಕಾಲು ವಾಸಿಯಾಗಿ, ಮದುವೆಯ ಕಾರ್ಡುಗಳು ಅಚ್ಚಾಗಿ ಬಂದ ಮೇಲಿನ ಮಾತು. ಒಂದು ಬೆಳಿಗ್ಗೆ ಚನ್ನಗಿರಿಯಲ್ಲಿ ನನ್ನ ಸ್ಕೂಲಿನ ಬಾಗಿಲು ತೆಗೆಯಲು ಹೋದರೆ ಭಾವ ಮೆಟ್ಟಿಲ ಮೇಲೆ ಕುಳಿತಿದ್ದ. ಜನ್ಮದಲ್ಲಿ ಸೈಕಲ್ಲಿಗಿಂತ ದೊಡ್ಡದನ್ನು ಓಡಿಸದ ಮನುಷ್ಯ. ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂದಿದ್ದ. ಆ ಪ್ಯಾಂಟು ಅವನ ಮದುವೆಯ ಕಾಲದ್ದಿರಬೇಕು, ಗುಂಡಿ ಅವನ ಹೊಟ್ಟೆಯ ಜೊತೆ ಜಗಳವಾಡುತ್ತಿತ್ತು.

ಏನು ವಿಷಯ ಎಂದೆ. ಕಲಿಸು ಎಂದ. ಈ ವಯಸ್ಸಿನಲ್ಲಿ ಯಾಕೆ ಈ ಹುಚ್ಚು, ದಾವಣಗೆರೆಗೆ ಬಸ್ಸಿದೆ, ಅಲ್ಲಿಂದ ಬಿಳಿಚೋಡಿಗೂ ಬಸ್ಸಿದೆ ಎಂದು ಗದರಿದೆ. ನನ್ನ ಕೈಯಲ್ಲಿ ಯಾರು ಎಷ್ಟು ಬೈಸಿಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಬಸ್ಸಿನಾಗೆ ಹೋದ್ರೆ, ಕೊನೇ ಬಸ್ಸು ತಪ್ತೈತೆ ಅಂತ ಮಗಳ ಮನೇಲಿ ಅರ್ಧ ಮಾತಿಗೇ ಎದ್ದು ಬರಬೇಕಾಗ್ತೈತೆ ವಾಣಿ," ಎಂದ. "ನಂಗೆ ಮಾತು ಮುಗಿಸಿ ಬರಬೇಕು."

ಕಾರಿನ ಬಾಗಿಲು ತೆಗೆದು ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಮೊದಲ ಸಲ ಎತ್ತಿಕೊಂಡವರ ಹಾಗೆ ಹಿಡಿದುಕೊಂಡ. ಈ ಕಡೆ ಬಂದು ಕುಳಿತು ಕನ್ನಡಿಯನ್ನು ಅವನ ಎತ್ತರಕ್ಕೆ ತಿರುಗಿಸಿಕೊಟ್ಟೆ. ಸಂತೋಷಕ್ಕೆ ನನ್ನ ಕಣ್ಣು ತುಂಬಿ, ಎದುರಿನ ರಸ್ತೆ ಮಂಜಾಗಿ ಕಾಣುತ್ತಿತ್ತು.

"ಬೆಲ್ಟ್ ಹಾಕ್ಕ ಭಾವ," ಎಂದೆ.